ಮೊದಲು ಹಿಡಿ, ಆಮೇಲೆ ಓದು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸುತ್ತಲ ಹಳ್ಳಿಯವರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬಂಡೆಯೊಂದಿದೆ. ಅಶೋಕನ ಶಾಸನ ಇರುವುದು ಅದರ ಮೇಲೆ. ಇದನ್ನೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿರುವ ಇನ್ನೆರಡು ಪ್ರತಿಗಳನ್ನೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ತೀರಾ ಕೊನೆಯಲ್ಲಿ, ಬರೆದವನು ತನ್ನ ಹೆಸರು ಹೇಳಿಕೊಳ್ಳುವ ಕಡೆ, ಲಿಪಿ ತಟ್ಟನೆ ಬದಲಾಗುತ್ತದೆ. ಬರೆದವನು ಚಪಡ ಎನ್ನುವವರೆಗೆ ಬ್ರಾಹ್ಮಿ. ತಾನು ಲಿಪಿಕಾರ ಎಂದು ಹೇಳುವ ಒಂದೇ ಒಂದು ಪದ ಖರೋಷ್ಠಿ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕಾದದ್ದು. ಉಪಖಂಡದ ವಾಯವ್ಯ ಮೂಲೆಯಲ್ಲಿ ಬಳಕೆಯಲ್ಲಿದ್ದ ಲಿಪಿಯನ್ನು ಬಲ್ಲವನೊಬ್ಬ ಚಿತ್ರದುರ್ಗ ಸೀಮೆಯ ಕಲ್ಲಿನ ಮೇಲೆ ತನ್ನ ರುಜು ಹಾಕಿದ್ದಾನೆ.

ಮುಂದಿನ ಪದ ಖರೋಷ್ಠಿಯಲ್ಲಿದೆ, ಬಲಗಡೆಯಿಂದ ಓದಿ ಎಂದು ಆ ಕಲ್ಲು ಎಲ್ಲೂ ಹೇಳುವುದಿಲ್ಲ. ಗೆರೆಗಳು ಗೆರೆಗಳಷ್ಟೇ. ಅವು ಯಾವ ಲಿಪಿಯವು ಎಂಬ ತಿಳಿವಳಿಕೆ ಹೊರಗಿನಿಂದ ಬರಬೇಕು. ಅದು ಗೊತ್ತಿಲ್ಲದವನು ಬ್ರಾಹ್ಮಿಯೆಂದೇ ಭಾವಿಸಿ ಎಡದಿಂದ ಓದಲು ಹೊರಟರೆ ಅರ್ಥವಿಲ್ಲದ ಸದ್ದುಗಳು ಮಾತ್ರ ಸಿಗುತ್ತವೆ. ಈ ಅಧ್ಯಾಯದ ವಿಷಯಕ್ಕೆ, ಅಂದರೆ ಒಂದು ಪ್ರೋಗ್ರಾಂ ಹೊರಹಾಕಿದ್ದನ್ನು ಇನ್ನೊಂದು ಪ್ರೋಗ್ರಾಂ ಕೈಗೆತ್ತಿಕೊಳ್ಳುವ ಕೆಲಸಕ್ಕೆ, ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ತಿಳಿದಿಲ್ಲ.

ಶಾಸನತಜ್ಞರು ಬಂಡೆಯ ಎದುರು ಕೂತು ನೇರವಾಗಿ ಓದಿ ಬರೆದುಕೊಂಡು ಬರುವುದಿಲ್ಲ. ಮೊದಲು ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಹಾಸಿ, ಗಡುಸು ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗೀರುಗಳೊಳಗೆ ಇಳಿಯುತ್ತದೆ. ಮೇಲೆ ಮಸಿ ತಟ್ಟಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಬಿರುಕೂ ಬರುತ್ತದೆ, ಚಕ್ಕೆ ಎದ್ದ ಜಾಗವೂ ಬರುತ್ತದೆ. ಅಚ್ಚು ತೆಗೆಯುವವನು ಅಲ್ಲಿ ಏನಿರಬೇಕಿತ್ತು ಎಂದು ಯೋಚಿಸುವುದಿಲ್ಲ; ಏನಿದೆಯೋ ಅದನ್ನು ಪೂರ್ತಿಯಾಗಿ ತರುತ್ತಾನೆ. ಓದುವ ಕೆಲಸ ಆಮೇಲೆ, ಬೇರೆ ಮೇಜಿನ ಮೇಲೆ, ಬೇಕಿದ್ದರೆ ಬೇರೆಯವರಿಂದ, ನೂರು ವರ್ಷ ಬಿಟ್ಟು ಮತ್ತೊಮ್ಮೆ. ಈ ಎರಡು ಕೆಲಸಗಳನ್ನು ಬೇರೆ ಇಟ್ಟದ್ದೇ ಆ ಶಾಸ್ತ್ರದ ದೊಡ್ಡ ವಿವೇಕ. ಪೈಥಾನಿನಲ್ಲಿ ಔಟ್‌ಪುಟ್ ಹಿಡಿಯುವಾಗ ಆಗುವ ಬಹುಪಾಲು ಅನಾಹುತಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೋಗುವುದರಿಂದ ಆಗುತ್ತವೆ.

ಕೆಲಸವನ್ನು ಕಣ್ಣೆದುರು ಇಟ್ಟುಕೊಂಡೇ ಮಾತಾಡೋಣ. ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ: ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ. ಪುಟಗಳ ಸ್ಕ್ಯಾನ್ ಚಿತ್ರಗಳು ಕೈಯಲ್ಲಿವೆ, ಅವನ್ನು ಹುಡುಕಬಲ್ಲ ಪಠ್ಯವಾಗಿಸಬೇಕು ಎಂದುಕೊಳ್ಳಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ, ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಂಥ ಒಬ್ಬ ಶಿಕ್ಷಕಿ ತನ್ನ ಮಕ್ಕಳಿಗಾಗಿ ತಮ್ಮದೇ ಸೀಮೆಯ ಶಾಸನಗಳನ್ನು ಕಂಪ್ಯೂಟರಿಗೆ ತುಂಬಲು ಕೂತರೆ ಎದುರಾಗುವ ಕೆಲಸ ಇದು.

ಚಿತ್ರ ನೋಡಿ ಅಕ್ಷರ ಗುರುತಿಸುವ ಉಚಿತ ಪ್ರೋಗ್ರಾಂಗಳಲ್ಲಿ ಹೆಸರಾದದ್ದು ಟೆಸರಾಕ್ಟ್. ಎಚ್‌ಪಿ ಕಂಪನಿಯ ಬ್ರಿಸ್ಟಲ್ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಮುಂದೆ ಗೂಗಲ್ ಆಸರೆಯಲ್ಲಿ ಬೆಳೆಯಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ನರಜಾಲದ ವಿಧಾನದಲ್ಲಿ ಓದುತ್ತದೆ. ಅದಕ್ಕೆ ಗುಂಡಿ, ಮೆನು ಏನೂ ಇಲ್ಲ. ಟರ್ಮಿನಲ್ಲಿನಲ್ಲಿ ಅದರ ಹೆಸರು, ಚಿತ್ರದ ಹೆಸರು, ಫಲಿತಾಂಶ ಎಲ್ಲಿಗೆ ಹೋಗಬೇಕು ಎಂಬುದು, ಭಾಷೆ 'ಕನ್' ಎಂದು ಟೈಪ್ ಮಾಡಿದರೆ ಓದಿದ್ದನ್ನು ಹೊರಹಾಕುತ್ತದೆ. ಕನ್ನಡ, ಇಂಗ್ಲಿಷ್ ಬೆರೆತ ಪುಟವಾದರೆ ಎರಡೂ ಭಾಷೆಯ ಸಂಕೇತಗಳ ನಡುವೆ ಕೂಡಿಸುವ ಚಿಹ್ನೆ ಹಾಕಬೇಕು. ನೂರಾರು ಪುಟಕ್ಕೆ ಹೀಗೆ ಕೈಯಾರೆ ಟೈಪ್ ಮಾಡುತ್ತ ಕೂರಲಾಗದು. ಆದ್ದರಿಂದ ಪೈಥಾನ್ ಸ್ಕ್ರಿಪ್ಟ್ ಟೆಸರಾಕ್ಟನ್ನು ಕರೆದು, ಅದು ಹೇಳಿದ್ದನ್ನು ಕೇಳಿಸಿಕೊಂಡು, ಬರೆದಿಡಬೇಕು.

ಹೊಸಬರು ಮೊದಲು ಕೈಹಾಕುವುದು 'ಓಎಸ್' ಮಾಡ್ಯೂಲಿನ 'ಸಿಸ್ಟಮ್' ಎಂಬ ಫಂಕ್ಷನ್ನಿಗೆ. ಅದು ಕಮಾಂಡನ್ನು ಓಡಿಸುತ್ತದೆ, ಕನ್ನಡ ಪಠ್ಯ ಪರದೆಯ ಮೇಲೆ ಹರಿದುಹೋಗುತ್ತದೆ, ಆದರೆ ಸ್ಕ್ರಿಪ್ಟಿನ ಕೈಗೆ ಸಿಗುವುದು ಬರೀ ಒಂದು ಸೊನ್ನೆ. ಆ ಸೊನ್ನೆ ಪ್ರೋಗ್ರಾಂ ಸುಸೂತ್ರವಾಗಿ ಮುಗಿಯಿತು ಎಂಬ ಸೂಚನೆ, ಪಠ್ಯವಲ್ಲ. ಪಠ್ಯ ಬೇಕೆಂದರೆ 2004ರಲ್ಲಿ ಪೈಥಾನ್ 2.4ರ ಜೊತೆ ಬಂದ 'ಸಬ್‌ಪ್ರೊಸೆಸ್' ಮಾಡ್ಯೂಲ್ ಬೇಕು. ಅದರ 'ರನ್' ಫಂಕ್ಷನ್ 2015ರ 3.5ರಲ್ಲಿ ಸೇರಿತು, ಔಟ್‌ಪುಟ್ ಹಿಡಿದುಕೊಡು ಎಂದು ಒಂದೇ ಮಾತಿನಲ್ಲಿ ಹೇಳುವ 'ಕ್ಯಾಪ್ಚರ್ ಔಟ್‌ಪುಟ್' 2018ರ 3.7ರಲ್ಲಿ. ಕಮಾಂಡನ್ನು ಒಂದೇ ಉದ್ದ ಸಾಲಾಗಿ ಕೊಡದೆ ತುಂಡುತುಂಡಾಗಿ, ಪಟ್ಟಿಯ ರೂಪದಲ್ಲಿ ಕೊಡಬೇಕು. ಕಡತದ ಹೆಸರಿನಲ್ಲಿ 'ಜಟಿಂಗ ರಾಮೇಶ್ವರ' ಎಂದು ನಡುವೆ ಖಾಲಿ ಜಾಗ ಇದ್ದರೂ ಆಗ ಅದು ಎರಡು ಹೆಸರಾಗಿ ಒಡೆಯುವುದಿಲ್ಲ.

ಇನ್ನು ಕೈಗೆ ಏನು ಬರುತ್ತದೆ ನೋಡೋಣ. ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಪೈಪಿನಲ್ಲಿ ಅಕ್ಷರ ಹರಿಯುವುದಿಲ್ಲ, ಬೈಟ್‌ಗಳು ಹರಿಯುತ್ತವೆ. ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ, ಅಷ್ಟೆ. ಟೆಸರಾಕ್ಟ್ ತಾನು ಓದಿದ್ದನ್ನು ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಕಳಿಸುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಈ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು ಯಾವ ಅಕ್ಷರ ಎಂದು ಹೇಳುತ್ತದೆ. 'ಬ್ರಹ್ಮಗಿರಿ' ಎಂದು ಬರೆದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಹತ್ತು: ಬ, ಹಲಂತ, ರ, ಹ, ಹಲಂತ, ಮ, ಗ, ಗುಡಿಸು, ರ, ಗುಡಿಸು. ಪೈಪಿನಲ್ಲಿ ಮೂವತ್ತು ಬೈಟ್. ಪೈಥಾನಿಗೆ ಈ ಪದದ ಉದ್ದ ಎಷ್ಟು ಎಂದು ಕೇಳಿದರೆ, ಹಿಡಿದದ್ದು ಬೈಟ್ ರೂಪದಲ್ಲಿದ್ದರೆ 30 ಎನ್ನುತ್ತದೆ, ಪಠ್ಯವಾಗಿ ಪರಿವರ್ತಿಸಿದ್ದರೆ 10 ಎನ್ನುತ್ತದೆ. ಎರಡೂ ಸರಿ.

ಬೈಟ್‌ಗಳ ಮೇಲೂ, ಚಪಡನ ಕಲ್ಲಿನ ಮೇಲಿನಂತೆ, ಇದು ಇಂಥ ಲಿಪಿ ಎಂಬ ಚೀಟಿ ಅಂಟಿಸಿರುವುದಿಲ್ಲ. ಹೊರಗಿನಿಂದ ನಾವು ಹೇಳಬೇಕು. ನಾವು ಸುಮ್ಮನಿದ್ದು 'ಪಠ್ಯವಾಗಿ ಕೊಡು' ಎಂದಷ್ಟೇ ಕೇಳಿದರೆ ಪೈಥಾನ್ ಆ ಯಂತ್ರದ ಪದ್ಧತಿ ಯಾವುದೋ ಅದನ್ನೇ ಹಿಡಿಯುತ್ತದೆ. ಲಿನಕ್ಸಿನಲ್ಲಿ ಅದು ಹೆಚ್ಚಾಗಿ ಯುಟಿಎಫ್-8 ಆಗಿರುವುದರಿಂದ ಏನೂ ಗೊತ್ತಾಗುವುದಿಲ್ಲ. ವಿಂಡೋಸಿನಲ್ಲಿ, ಭಾರತದ ಇಂಗ್ಲಿಷ್ ಹೊಂದಾಣಿಕೆಯಲ್ಲಿ, ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಕೋಷ್ಟಕ. ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ.

ಆ ಕೋಷ್ಟಕದ ಮೂಲಕ ಎರಡು ಹೆಸರುಗಳನ್ನು ಓದಿಸಿ ನೋಡಿದರೆ ಅಪಾಯದ ಎರಡು ಮುಖಗಳೂ ಕಾಣುತ್ತವೆ. ಮೊದಲನೆಯದು 'ಇಸಿಲ'. ಶಾಸನದ ಪ್ರಕಾರ ಬ್ರಹ್ಮಗಿರಿಯ ಬುಡದಲ್ಲಿದ್ದ ಮೌರ್ಯರ ಕಾಲದ ಪಟ್ಟಣದ ಹೆಸರು ಇದು. ನಾಲ್ಕು ಸಂಕೇತ, ಹನ್ನೆರಡು ಬೈಟ್. ಆ ಹನ್ನೆರಡು ಸಂಖ್ಯೆಗಳಿಗೂ 1252ರಲ್ಲಿ ಏನಾದರೊಂದು ಚಿಹ್ನೆ ಇದೆ. ಆದ್ದರಿಂದ ಪೈಥಾನ್ ತಕರಾರಿಲ್ಲದೆ ಓದಿ ಮುಗಿಸುತ್ತದೆ. ಸಿಗುವುದು ತಲೆಯ ಮೇಲೆ ಗೀಟಿರುವ ರೋಮನ್ 'ಎ', ಅದರ ಬೆನ್ನಿಗೆ ಮೇಲಕ್ಕೇರಿದ ಪುಟ್ಟ 2, ಇವೇ ಮತ್ತೆ ಮತ್ತೆ, ನಡುವೆ ಒಂದು ತಲೆಕೆಳಗಾದ ಪ್ರಶ್ನಾರ್ಥಕ. ಎರಡನೆಯದು 'ಬ್ರಹ್ಮಗಿರಿ'. ಇದರ ಮೊದಲ ಆರು ಬೈಟ್‌ಗಳು 224, 178, 172, 224, 179, 141. ಕೊನೆಯ 141 ಹಲಂತದ ಮೂರನೇ ಬೈಟ್. 1252ರಲ್ಲಿ 141ರ ಮನೆ ಖಾಲಿ. ಅಲ್ಲಿಗೆ ಪೈಥಾನ್ ನಿಂತು, ಈ ಬೈಟನ್ನು ಓದಲಾರೆ ಎಂದು ದೋಷ ಎತ್ತುತ್ತದೆ. ಕೊಂಬಿನ 'ಉ'ಕಾರಕ್ಕೂ ಇದೇ ಗತಿ, ಅದರ ಕೊನೆಯ ಬೈಟ್ 129, ಅದರ ಮನೆಯೂ ಖಾಲಿ. ಒತ್ತಕ್ಷರ, ಕೊಂಬು ಎರಡೂ ಇಲ್ಲದ ಕನ್ನಡ ವಾಕ್ಯ ಅಪರೂಪ, ಆದ್ದರಿಂದ ನಿಜವಾದ ಪುಟ ಕೊಟ್ಟರೆ ಸ್ಕ್ರಿಪ್ಟ್ ಬಹುಮಟ್ಟಿಗೆ ನಿಲ್ಲುತ್ತದೆ. 'ಕಮಲ', 'ನಗರ' ಎಂಬಂಥ ಪದಗಳಿಂದ ಪರೀಕ್ಷೆ ಮಾಡಿದರೆ ಮಾತ್ರ ಕಸ ಸದ್ದಿಲ್ಲದೆ ಒಳಗೆ ಬರುತ್ತದೆ.

ನಿಂತದ್ದು ಒಳ್ಳೆಯದೇ. ಕೆಟ್ಟದ್ದು ಆಮೇಲೆ ಆಗುತ್ತದೆ. ದೋಷ ಬಂತೆಂದು ಗಾಬರಿಯಾದವರು ಎಲ್ಲೋ ಕೇಳಿ 'ಇಗ್ನೋರ್' ಎಂಬ ಸೂಚನೆ ಸೇರಿಸುತ್ತಾರೆ. ಅದರ ಅರ್ಥ, ಓದಲಾಗದ ಬೈಟ್‌ಗಳನ್ನು ಎಸೆದು ಮುಂದಕ್ಕೆ ಹೋಗು ಎಂದು. ಸ್ಕ್ರಿಪ್ಟ್ ಓಡುತ್ತದೆ, ದೋಷ ಮಾಯ, ಜೊತೆಗೆ ಪಠ್ಯದ ತುಂಡುಗಳೂ ಮಾಯ, ಎಲ್ಲಿ ಮಾಯವಾದವು ಎಂಬ ಗುರುತೂ ಇಲ್ಲ. ಅಳಿಸಿಹೋದ ಅಕ್ಷರ ಇದ್ದ ಜಾಗವನ್ನು ಶಾಸನಪಾಠದಲ್ಲಿ ಯಾರೂ ಮುಚ್ಚಿ ಕೂಡಿಸುವುದಿಲ್ಲ. ಚುಕ್ಕಿ ಇಡುತ್ತಾರೆ, ಊಹಿಸಿ ತುಂಬಿದ್ದರೆ ಕಂಸದಲ್ಲಿಡುತ್ತಾರೆ. ಪೈಥಾನಿನಲ್ಲೂ ಅದಕ್ಕೆ ದಾರಿಯಿದೆ. 'ರಿಪ್ಲೇಸ್' ಎಂದರೆ ಓದಲಾಗದ ಕಡೆ ಪ್ರಶ್ನಾರ್ಥಕವಿರುವ ಕಪ್ಪು ಹರಳಿನಂಥ ಗುರುತು ಕೂರುತ್ತದೆ. 'ಬ್ಯಾಕ್‌ಸ್ಲ್ಯಾಶ್ ರಿಪ್ಲೇಸ್' ಎಂದರೆ ಆ ಬೈಟಿನ ಸಂಖ್ಯೆಯೇ ಉಳಿಯುತ್ತದೆ. ಎರಡನೆಯದು ನನಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಏನಿತ್ತು ಎಂಬುದು ಅದರಲ್ಲಿ ನಷ್ಟವಾಗುವುದಿಲ್ಲ. ಆದರೆ ಇದೆಲ್ಲ ನಿಜಕ್ಕೂ ಕೆಟ್ಟ ಬೈಟ್ ಬಂದಾಗಿನ ಮಾತು. ಸರಿಯಾದ ಬೈಟ್‌ಗಳಿಗೆ ಬೇಕಾದದ್ದು ಎನ್‌ಕೋಡಿಂಗ್ ಯುಟಿಎಫ್-8 ಎಂದು 'ರನ್'ಗೆ ಸ್ಪಷ್ಟವಾಗಿ ಹೇಳುವ ಒಂದೇ ಪದ. 2016ರ 3.6ನೇ ಆವೃತ್ತಿಯಿಂದ ಆ ಸೌಲಭ್ಯ ಇದೆ.

ನಾವು ಕರೆಯುತ್ತಿರುವ ಪ್ರೋಗ್ರಾಂ ಕೂಡ ಪೈಥಾನಿನದೇ ಆಗಿದ್ದರೆ ಇನ್ನೊಂದು ತೊಡಕಿದೆ. ವಿಂಡೋಸಿನಲ್ಲಿ ಅದನ್ನು ನೇರವಾಗಿ ಓಡಿಸಿದಾಗ ಕನ್ನಡ ಪರದೆಯ ಮೇಲೆ ಚೆನ್ನಾಗಿಯೇ ಬರುತ್ತದೆ. ಅದೇ ಪ್ರೋಗ್ರಾಮನ್ನು ಸ್ಕ್ರಿಪ್ಟಿನೊಳಗಿಂದ ಕರೆದರೆ ಮುಗ್ಗರಿಸುತ್ತದೆ. ಪರದೆಗೆ ಬರೆಯುವಾಗ ಯೂನಿಕೋಡ್ ದಾರಿ, ಪೈಪಿಗೆ ಬರೆಯುವಾಗ ಮತ್ತೆ ಅದೇ 1252. ಕರೆಯುವ ಮುನ್ನ ಪರಿಸರದ ಚರಾಂಶಗಳಲ್ಲಿ 'ಪೈಥಾನ್ ಯುಟಿಎಫ್8' ಎಂಬುದನ್ನು 1 ಮಾಡಿ ಕಳಿಸಿದರೆ ಸರಿಹೋಗುತ್ತದೆ. ತಾನು ಬರೆಯುತ್ತಿರುವುದು ಪರದೆಗೋ ಪೈಪಿಗೋ ಎಂದು ನೋಡಿಕೊಂಡು ನಡತೆ ಬದಲಿಸುವ ಪ್ರೋಗ್ರಾಂಗಳು ಇನ್ನೂ ಬೇಕಾದಷ್ಟಿವೆ: ಪರದೆಯಾದರೆ ಬಣ್ಣ, ಪೈಪಾದರೆ ಬಣ್ಣವಿಲ್ಲ, ಪರದೆಯಾದರೆ ಸಾಲುಸಾಲಾಗಿ, ಪೈಪಾದರೆ ಒಟ್ಟುಗೂಡಿಸಿ. ಪರದೆಯ ಮೇಲೆ ಕಂಡದ್ದೇ ಕೈಗೆ ಬರುತ್ತದೆ ಎಂದು ನಂಬಬಾರದು.

ಮತ್ತೆ ಬಂಡೆಯತ್ತ ಬರೋಣ. ಬ್ರಹ್ಮಗಿರಿಯ ಶಾಸನ ರಾಜನ ಮಾತಿನಿಂದ ಶುರುವಾಗುವುದಿಲ್ಲ. ಸುವರ್ಣಗಿರಿಯಿಂದ, ಆರ್ಯಪುತ್ರನ (ರಾಜಕುಮಾರನ) ಮತ್ತು ಮಹಾಮಾತ್ರರೆಂಬ ಅಧಿಕಾರಿಗಳ ಪರವಾಗಿ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು ಎಂಬ ಒಕ್ಕಣೆ ಮೊದಲು ಬರುತ್ತದೆ. ಅದು ಅಧಿಕಾರಿಗಳಿಂದ ಅಧಿಕಾರಿಗಳಿಗೆ ಬಂದ ಲಗತ್ತು ಪತ್ರದ ಧಾಟಿ. ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ ಅದರ ನಂತರ. ಜನರಿಗಾಗಿ ಕೆತ್ತಬೇಕಾಗಿದ್ದದ್ದು ಆಜ್ಞೆ. ಕೆತ್ತಿದ್ದು ಲಗತ್ತು ಪತ್ರವನ್ನೂ ಸೇರಿಸಿ. ನಮಗೆ ಅದರಿಂದ ಲಾಭವೇ ಆಯಿತು. ಇಸಿಲ ಎಂಬ ಹೆಸರು, ದಕ್ಷಿಣದ ಆಡಳಿತ ಸುವರ್ಣಗಿರಿಯಿಂದ ನಡೆಯುತ್ತಿತ್ತು ಎಂಬ ಸಂಗತಿ, ಎರಡೂ ಉಳಿದದ್ದು ಆ ಒಕ್ಕಣೆಯಿಂದ. ಆದರೆ ಯಾವುದು ಒಕ್ಕಣೆ, ಯಾವುದು ಆಜ್ಞೆ ಎಂದು ಬಿಡಿಸಿ ಓದುವ ಕೆಲಸ ವಿದ್ವಾಂಸರ ಪಾಲಿಗೆ ಬಂತು.

ಯುನಿಕ್ಸ್ ಕಟ್ಟಿದವರು ಇದೇ ಕಲಸುಮೇಲೋಗರವನ್ನು ಬೇರೊಂದು ರೂಪದಲ್ಲಿ ಅನುಭವಿಸಿದರು. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಅಕ್ಷರಗಳನ್ನು ಫೋಟೋ ಕಾಗದದ ಮೇಲೆ ಮೂಡಿಸುವ ಯಂತ್ರವೊಂದು ಬಂತು. ಮೂಡಿದ ಉದ್ದನೆಯ ಪಟ್ಟಿಯನ್ನು ವಾಸನೆ ಹೊಡೆಯುವ ರಾಸಾಯನಿಕದ ಯಂತ್ರಕ್ಕೆ ಹಾಕಿ, ನಿಮಿಷಗಟ್ಟಲೆ ಕಾದರೆ ಮುದ್ರಣ ಕಾಣುತ್ತಿತ್ತು. ಒಂದು ಮಧ್ಯಾಹ್ನ ಹಲವರಿಗೆ ಅಷ್ಟೆಲ್ಲ ಆದ ಮೇಲೆ ಕೈಗೆ ಬಂದದ್ದು, ಇಂಥ ಕಡತ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು, ಅಂದವಾದ ಅಚ್ಚಿನಲ್ಲಿ. ಫಲಿತಾಂಶವೂ ದೂರೂ ಒಂದೇ ದಾರಿಯಲ್ಲಿ ಹೊರಡುತ್ತಿದ್ದುದರಿಂದ ಹೀಗಾಯಿತು. ಗೊಣಗಾಟ ಜೋರಾಗಿ, ಕೆಲವೇ ದಿನದಲ್ಲಿ ದೂರುಗಳಿಗೆಂದೇ ಪ್ರತ್ಯೇಕ ದಾರಿ ತೆರೆಯಿತು ಎಂದು ಅಲ್ಲಿದ್ದ ಸ್ಟೀವ್ ಜಾನ್ಸನ್ ನೆನೆದಿದ್ದಾರೆ. ಇಂದಿಗೂ ಪ್ರತಿ ಪ್ರೋಗ್ರಾಮಿಗೆ ಎರಡು ಹೊರದಾರಿಗಳಿವೆ: ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಔಟ್‌ಪುಟ್, ದೂರು ಎಚ್ಚರಿಕೆಗಳಿಗೆ ಸ್ಟ್ಯಾಂಡರ್ಡ್ ಎರರ್.

ಟೆಸರಾಕ್ಟ್ ಈ ಎರಡನ್ನೂ ಬಳಸುತ್ತದೆ. ಚಿತ್ರದಲ್ಲಿ ಇಂಚಿಗೆ ಎಷ್ಟು ಚುಕ್ಕಿ ಎಂಬ ವಿವರ ಇಲ್ಲದಿದ್ದರೆ, ಅದನ್ನು ತಾನೇ ಅಂದಾಜು ಮಾಡಿಕೊಂಡೆ ಎಂದು ಎರಡನೇ ದಾರಿಯಲ್ಲಿ ತಿಳಿಸುತ್ತದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಹಿಡಿದರೆ ಶಾಸನಪಾಠದ ನಡುವೆ ಆ ಇಂಗ್ಲಿಷ್ ಸಾಲು ಬಂದು ಕೂರುತ್ತದೆ. ಎಲ್ಲಿ ಕೂರುತ್ತದೆ ಎಂಬ ಖಾತ್ರಿಯೂ ಇಲ್ಲ. ಎರಡನೇ ದಾರಿಯನ್ನು ಪೂರ್ತಿ ಮುಚ್ಚಿಬಿಡುವುದೂ ತಪ್ಪು. ಅಂದಾಜು ಮಾಡಿ ಓದಿದ ಪುಟ ಎಂಬ ಮಾಹಿತಿ ಮುಂದೆ ತಿದ್ದುವವರಿಗೆ ಬಹಳ ಬೆಲೆಯುಳ್ಳದ್ದು. ಎರಡನ್ನೂ ಹಿಡಿಯಬೇಕು, ಬೇರೆ ಬೇರೆ ಇಡಬೇಕು.

ಆಮೇಲೆ ಮುಗಿತಾಯದ ಸಂಖ್ಯೆ, ಹಿಂದೆ 'ಸಿಸ್ಟಮ್' ಕೊಟ್ಟ ಸೊನ್ನೆಯಂಥದ್ದು. ಕನ್ನಡ ಗುರುತಿಸಲು ಬೇಕಾದ ತರಬೇತಿ ಕಡತ ಯಂತ್ರದಲ್ಲಿ ಇಲ್ಲದಿದ್ದರೆ ಟೆಸರಾಕ್ಟ್ ದೂರು ಹೇಳಿ 1 ಎಂಬ ಸಂಖ್ಯೆಯೊಂದಿಗೆ ಮುಗಿಯುತ್ತದೆ. ಫಲಿತಾಂಶದ ದಾರಿಯಲ್ಲಿ ಏನೂ ಬರುವುದಿಲ್ಲ. ಸ್ಕ್ರಿಪ್ಟ್ ಆ ಸಂಖ್ಯೆಯನ್ನು ನೋಡದಿದ್ದರೆ ಖಾಲಿ ಪಠ್ಯವನ್ನೇ ಶ್ರದ್ಧೆಯಿಂದ ಕಡತಕ್ಕೆ ಬರೆಯುತ್ತ ಹೋಗುತ್ತದೆ, ಪುಟದ ನಂತರ ಪುಟ. ನಿಜಕ್ಕೂ ಖಾಲಿಯಾಗಿರುವ ಪುಟಕ್ಕೂ ಓದಲಾಗದ ಪುಟಕ್ಕೂ ಆಗ ವ್ಯತ್ಯಾಸವೇ ಉಳಿಯುವುದಿಲ್ಲ. 'ರನ್'ಗೆ 'ಚೆಕ್' ಎಂಬುದನ್ನು ಟ್ರೂ ಎಂದು ಕೊಟ್ಟರೆ ಸೊನ್ನೆಯಲ್ಲದ ಸಂಖ್ಯೆ ಬಂದ ಕೂಡಲೇ ಸ್ಕ್ರಿಪ್ಟ್ ನಿಂತು ಹೇಳುತ್ತದೆ.

ಪೂರ್ತಿ ಸಂಪುಟವನ್ನು ಒಂದೇ ಏಟಿಗೆ ಓದಿಸಲು ಹೊರಟವರಿಗೆ ಇನ್ನೊಂದು ಕಾಟ ಎದುರಾಗಬಹುದು: ಸ್ಕ್ರಿಪ್ಟ್ ದೋಷ ತೋರಿಸದೆ, ಮುಗಿಯದೆ, ಸುಮ್ಮನೆ ನಿಂತುಬಿಡುವುದು. ಪೈಪಿಗೆ ಒಂದು ಅಳತೆಯಿದೆ, ಲಿನಕ್ಸಿನಲ್ಲಿ ಸಾಮಾನ್ಯವಾಗಿ 65,536 ಬೈಟ್. ಇಂಗ್ಲಿಷಾದರೆ ಅಷ್ಟೇ ಸಂಖ್ಯೆಯ ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಮೂರಕ್ಕೊಂದರಂತೆ ಸುಮಾರು 21,800 ಸಂಕೇತ. ಪೈಪ್ ತುಂಬಿದ ಮೇಲೆ ಯಾರಾದರೂ ಖಾಲಿ ಮಾಡುವವರೆಗೆ ಟೆಸರಾಕ್ಟ್ ಕಾಯುತ್ತದೆ. 'ರನ್' ಬಳಸದೆ, ಅದಕ್ಕಿಂತ ಕೆಳಮಟ್ಟದ 'ಪಿಓಪನ್' ಬಳಸಿ, ಮೊದಲು ಅದು ಮುಗಿಯಲಿ ಆಮೇಲೆ ಓದುತ್ತೇನೆ ಎಂದು ಬರೆದಿದ್ದರೆ ಸ್ಕ್ರಿಪ್ಟೂ ಕಾಯುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಡಬ್ಬಿ ತುಂಬಿತು ಎಂದು ಗಾಣ ನಿಲ್ಲಿಸಿದವನು ಒಬ್ಬ, ಗಾಣ ಪೂರ್ತಿ ಮುಗಿದ ಮೇಲೆ ಡಬ್ಬಿ ಎತ್ತುತ್ತೇನೆ ಎಂದು ಕೂತವನು ಇನ್ನೊಬ್ಬ, ಹಾಗೆ. ಒಂದು ಪುಟದ ಮೇಲೆ ಪರೀಕ್ಷಿಸಿದಾಗ ಇದು ಎಂದೂ ಕಾಣಿಸಿಕೊಳ್ಳುವುದಿಲ್ಲ. 'ರನ್' ಅಥವಾ 'ಕಮ್ಯುನಿಕೇಟ್' ಎರಡೂ ದಾರಿಗಳನ್ನು ಒಟ್ಟೊಟ್ಟಿಗೆ ಬರಿದು ಮಾಡುತ್ತ ಹೋಗುವುದರಿಂದ ಈ ಕಾಟ ಇರುವುದಿಲ್ಲ. ಇಷ್ಟು ಸೆಕೆಂಡಿನೊಳಗೆ ಮುಗಿಯದಿದ್ದರೆ ನಿಲ್ಲಿಸು ಎಂಬ 'ಟೈಮ್‌ಔಟ್' ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬರುತ್ತಿದ್ದ ಹಾಗೆ ತುಂಡುತುಂಡಾಗಿ ಓದಬೇಕೆಂದಿದ್ದರೆ ಕನ್ನಡಕ್ಕೆ ಮತ್ತೊಂದು ಎಚ್ಚರ ಬೇಕು. ಒಂದು ಸಲಕ್ಕೆ 4,096 ಬೈಟ್ ಓದುವುದು ರೂಢಿ. 4,096 ಮೂರರಿಂದ ಭಾಗವಾಗುವುದಿಲ್ಲ, ಒಂದು ಉಳಿಯುತ್ತದೆ. ಜಾಗ, ಸಾಲುಮುರಿತಗಳು ಒಂದೊಂದೇ ಬೈಟ್ ಆಗಿರುವುದರಿಂದ ಕಡಿತ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಲಾಗದು, ಆದರೆ ಮೂರು ಬೈಟಿನ ಅಕ್ಷರವೊಂದರ ನಡುವೆ ಬೀಳುವ ಸಂಭವವೇ ಹೆಚ್ಚು. ಆಗ ಒಂದು ತುಂಡಿನ ಕೊನೆಯಲ್ಲಿ ಒಂಟಿ 224, ಮುಂದಿನ ತುಂಡಿನ ಮೊದಲಲ್ಲಿ ಅನಾಥವಾದ ಎರಡು ಬೈಟ್. ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಪಠ್ಯವಾಗಿಸಿದರೆ ಎರಡೂ ಕೆಡುತ್ತವೆ. ಇಲ್ಲಿ ಯುಟಿಎಫ್-8ರ ಸೊಗಸೊಂದು ಕಾಣುತ್ತದೆ. ಅಕ್ಷರ ಶುರುಮಾಡುವ ಬೈಟೂ ಮುಂದುವರಿಸುವ ಬೈಟೂ ಬೇರೆ ಬೇರೆ ವ್ಯಾಪ್ತಿಯವು, ಆದ್ದರಿಂದ ನಡುವೆ ಏನು ಕಳೆದುಹೋದರೂ ಮುಂದಿನ 224 ಸಿಕ್ಕಿದ ಕೂಡಲೇ ಓದು ಮತ್ತೆ ಹಳಿಗೆ ಬರುತ್ತದೆ. ಕೆಡುವುದು ಒಂದು ಅಕ್ಷರ, ಇಡೀ ಪುಟವಲ್ಲ. ಆದರೂ ಆ ಒಂದನ್ನು ಏಕೆ ಕಳೆದುಕೊಳ್ಳಬೇಕು? ಉಳಿದ ಬೈಟನ್ನು ಮುಂದಿನ ತುಂಡು ಬರುವವರೆಗೆ ಇಟ್ಟುಕೊಳ್ಳುವ ಡಿಕೋಡರ್ ಪೈಥಾನಿನ 'ಕೋಡೆಕ್ಸ್' ಮಾಡ್ಯೂಲಿನಲ್ಲಿ ಸಿದ್ಧವಾಗಿದೆ.

ಹಿಡಿದಾದ ಮೇಲೆ ಶುಚಿಗೊಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಟೆಸರಾಕ್ಟ್ ಪ್ರತಿ ಪುಟದ ಕೊನೆಗೆ ಕಣ್ಣಿಗೆ ಕಾಣದ ಪುಟಮುರಿತದ ಸಂಕೇತವೊಂದನ್ನು ಇಡುತ್ತದೆ. 'ಸ್ಟ್ರಿಪ್' ಎಂದರೆ ತುದಿಯ ಖಾಲಿ ಜಾಗಗಳ ಜೊತೆ ಅದೂ ಹೋಗುತ್ತದೆ. ಪುಟಗಳ ಲೆಕ್ಕ ಬೇಕಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಕಾಣದ ಸಂಕೇತಗಳೆಲ್ಲ ಕಸ ಎಂದುಕೊಂಡು ಗುಡಿಸುವುದು ಇನ್ನೂ ಅಪಾಯ. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ಟ್' ಮತ್ತು 'ವೇ' ಒತ್ತಕ್ಷರವಾಗದಂತೆ ತಡೆಯುವುದೂ ಅಂಥ ಒಂದು ಕಾಣದ ಸಂಕೇತವೇ. ಅದನ್ನು ತೆಗೆದರೆ ಪದದ ರೂಪವೇ ಬದಲಾಗುತ್ತದೆ. ಕಣ್ಣಿಗೆ ಒಂದೇ ಆಗಿ ಕಂಡು ಒಳಗೆ ಬೇರೆಯಾಗಿರುವುದೂ ಉಂಟು. ದೀರ್ಘದ 'ಕೀ'ಯಲ್ಲಿನ ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ. ಎರಡು ಪದ ಒಂದೇ ಏನು ಎಂದು ಪೈಥಾನನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಇದಕ್ಕೇ ಇರುವುದು. ಆದರೆ ಅದನ್ನೂ ಪ್ರತಿಯ ಮೇಲೆ ಮಾಡಬೇಕು, ಹಿಡಿದಿಟ್ಟ ಮೂಲದ ಮೇಲಲ್ಲ.

ನನ್ನ ಸಲಹೆ ಇಷ್ಟು: ಬೆಲೆಯುಳ್ಳ ಕೆಲಸವಾದರೆ ಔಟ್‌ಪುಟ್ಟನ್ನು ಪಠ್ಯವಾಗಿ ಕೇಳಲೇಬೇಡಿ. ಬೈಟ್‌ಗಳನ್ನೇ ಹಿಡಿದು, ಇದ್ದ ಹಾಗೆಯೇ ಕಡತಕ್ಕೆ ಬರೆದು, ಅದನ್ನು ಮುಟ್ಟದೆ ಇಡಿ. ಓದುವುದು, ಶುಚಿಗೊಳಿಸುವುದು, ತಿದ್ದುವುದು ಎಲ್ಲ ಅದರ ಪ್ರತಿಯ ಮೇಲೆ ನಡೆಯಲಿ. ಟೆಸರಾಕ್ಟ್ 'ಪ'ವನ್ನು 'ವ' ಎಂದು ಓದಿದ್ದರೆ ಅದು ಟೆಸರಾಕ್ಟಿನ ತಪ್ಪು. ಅಕ್ಷರ ಪ್ರಶ್ನಾರ್ಥಕವಾಗಿದ್ದರೆ ನಮ್ಮ ಸ್ಕ್ರಿಪ್ಟಿನ ತಪ್ಪು. ಮೂಲ ಬೈಟ್ ಇಲ್ಲದಿದ್ದರೆ ಯಾವುದು ಯಾರದೆಂದು ಹೇಳಲು ದಾರಿಯೇ ಇರುವುದಿಲ್ಲ.

ಬ್ರಹ್ಮಗಿರಿಯ ಶಾಸನದಲ್ಲಿ ಒಂದು ಸಂಖ್ಯೆಯೂ ಇದೆ: 256. ಇನ್ನೂರರ ಚಿಹ್ನೆ, ಐವತ್ತರ ಚಿಹ್ನೆ, ಆರರ ಚಿಹ್ನೆ, ಸಾಲಾಗಿ. ಅದು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೋ, ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೋ ಎಂದು ವಿದ್ವಾಂಸರು ಬಹಳ ಕಾಲ ವಾದಿಸಿದ್ದಾರೆ. ಆ ವಾದ ಸಾಧ್ಯವಾದದ್ದೇ ಸಂಖ್ಯೆಯನ್ನು ಇದ್ದಂತೆ ತಂದದ್ದರಿಂದ. ಮೊದಲು ಬಂದ ಯಾರಾದರೂ ತಮ್ಮ ವ್ಯಾಖ್ಯಾನಕ್ಕೆ ತಕ್ಕಂತೆ ಅದನ್ನು ತಿದ್ದಿ ಬರೆದುಕೊಂಡು ಹೋಗಿದ್ದರೆ ಎರಡನೆಯವರಿಗೆ ವಾದಿಸಲು ಏನೂ ಉಳಿಯುತ್ತಿರಲಿಲ್ಲ.

ಅಂದಹಾಗೆ, ಚಪಡನ ರುಜುವನ್ನು ಈಗ ಒಂದೇ ಸಾಲಿನ ಪಠ್ಯವಾಗಿ ಕಂಪ್ಯೂಟರಿನಲ್ಲಿ ಬರೆಯಬಹುದು. ಖರೋಷ್ಠಿ 2005ರಲ್ಲಿ, ಬ್ರಾಹ್ಮಿ 2010ರಲ್ಲಿ ಯೂನಿಕೋಡಿಗೆ ಸೇರಿದವು. ಎರಡಕ್ಕೂ ಯುಟಿಎಫ್-8ರಲ್ಲಿ ನಾಲ್ಕು ನಾಲ್ಕು ಬೈಟ್. ಖರೋಷ್ಠಿಯ ಬೈಟ್‌ಗಳು ಉಚ್ಚಾರಣೆಯ ಕ್ರಮದಲ್ಲೇ ಇರುತ್ತವೆ. ಬಲದಿಂದ ಎಡಕ್ಕೆ ತಿರುಗಿಸುವುದು ಪರದೆಗೆ ಬಿಡಿಸುವವರ ಜವಾಬ್ದಾರಿ. ಆ ಸಾಲನ್ನು ಸ್ಕ್ರಿಪ್ಟಿನ ಪರೀಕ್ಷೆಗೆ ಬಳಸುವುದು ಒಳ್ಳೆಯ ಅಭ್ಯಾಸ. ಮೂರು ಬೈಟಿನ ಕನ್ನಡ, ನಾಲ್ಕು ಬೈಟಿನ ಬ್ರಾಹ್ಮಿ, ದಿಕ್ಕು ಬದಲಿಸುವ ಖರೋಷ್ಠಿ ಮೂರೂ ಪೈಪಿನ ಆಚೆಯಿಂದ ಈಚೆಗೆ ಒಂದು ಬೈಟೂ ಬದಲಾಗದೆ ಬಂದರೆ ಸ್ಕ್ರಿಪ್ಟಿನ ಮೇಲೆ ನಂಬಿಕೆ ಇಡಬಹುದು.

ಪ್ರತಿ ಪುಟದ ಬೈಟ್‌ಗಳ ಜೊತೆ ನಾಲ್ಕು ವಿವರ ಬರೆದಿಟ್ಟರೆ ಮುಂದೆ ಬರುವವರಿಗೆ ಕೆಲಸ ಸುಲಭ: ಯಾವ ಕಮಾಂಡ್, ಟೆಸರಾಕ್ಟಿನ ಯಾವ ಆವೃತ್ತಿ, ಮುಗಿತಾಯದ ಸಂಖ್ಯೆ, ಎರಡನೇ ದಾರಿಯಲ್ಲಿ ಬಂದ ಮಾತು. ಐದು ವರ್ಷದ ನಂತರ ಕನ್ನಡಕ್ಕೆ ಇನ್ನೂ ಒಳ್ಳೆಯ ತರಬೇತಿ ಕಡತ ಬಂದಾಗ ಅದೇ ಚಿತ್ರಗಳನ್ನು ಮತ್ತೆ ಓದಿಸಿ ಹಳೆಯ ಓದಿನ ಪಕ್ಕದಲ್ಲಿಟ್ಟು ಹೋಲಿಸಬಹುದು. ಸಿದ್ದಾಪುರ, ಜಟಿಂಗ ರಾಮೇಶ್ವರದ ಪ್ರತಿಗಳು ಬ್ರಹ್ಮಗಿರಿಯದಕ್ಕಿಂತ ಹೆಚ್ಚು ಸವೆದಿವೆ, ಆದರೂ ಮೂರನ್ನೂ ಒಟ್ಟಿಗಿಟ್ಟು ಓದಿದ್ದರಿಂದಲೇ ಪಾಠ ಗಟ್ಟಿಯಾಯಿತು. ಎರಡು ಓದುಗಳು ಒಪ್ಪದ ಜಾಗಗಳನ್ನು ಸ್ಕ್ರಿಪ್ಟೇ ಪಟ್ಟಿ ಮಾಡಿಕೊಡುತ್ತದೆ, ಅಲ್ಲೆಲ್ಲ ಮೂಲ ಪುಟದ ಚಿತ್ರ ತೆರೆದು ನೋಡಿದರಾಯಿತು. ಎರಡೂ ಸಲ ಟೆಸರಾಕ್ಟ್ ಒಂದೇ ತಪ್ಪು ಮಾಡಿದ್ದರೆ ಮಾತ್ರ ಆ ಪಟ್ಟಿಯಲ್ಲಿ ಅದು ಬರುವುದಿಲ್ಲ. ಅದನ್ನು ಹಿಡಿಯಲು ಹಳಗನ್ನಡ ಬಲ್ಲ ಒಬ್ಬರು ಕೂತು ಸಾಲು ಸಾಲಾಗಿ ಓದಲೇಬೇಕು.